ಐದು ಹತ್ತರ ಬಸ್ಸು

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಡಿಪೋದ ಚಾಲಕ-ನಿರ್ವಾಹಕ ಮಿತ್ರರೇ, ಮತ್ತು ತಿಂಡಿ ಬರುವವರೆಗೂ ಏಳಲಾರದ ಸಭಿಕರೇ,

ಮೂವತ್ತೊಂದು ವರ್ಷ ಈ ಊರಿನ ಬಸ್ಸುಗಳ ವೇಳಾಪಟ್ಟಿ ಬರೆದವನನ್ನು ಬೀಳ್ಕೊಡಲು ಗೋಡೆ ಗಡಿಯಾರ ಕೊಟ್ಟಿದ್ದೀರಿ. ಬಹಳ ಸಂತೋಷ. ದಯವಿಟ್ಟು ಅದರ ಮುಖವನ್ನು ಅತ್ತ ತಿರುಗಿಸಿ. ಅದರಲ್ಲಿ ಆರಾಗುತ್ತಾ ಬಂತು.

ನಾನು ಪದೇ ಪದೇ ಬಾಗಿಲು ನೋಡುತ್ತಿರುವುದು ಓಡಿಹೋಗಲಿಕ್ಕಲ್ಲ. ನನ್ನ ಹೆಂಡತಿ ಹನ್ನೆರಡನೇ ನಂಬರಿನ ಬಸ್ಸಿನಲ್ಲಿ ಬರುತ್ತಿದ್ದಾಳೆ. "ರೀ, ಎರಡನೇ ಕಾರು ಬೇಡ ಬೇಡ ಅಂತೀರಲ್ಲ, ಇವತ್ತು ನಿಮ್ಮ ಬಸ್ಸಲ್ಲೇ ಬರ್ತೀನಿ. ಐದು ಹತ್ತಕ್ಕೆ ಹತ್ತಿದ್ರೆ ಐದೂವರೆಗೆ ಇಳಿಸುತ್ತೆ ಅಂತ ನೀವೇ ಬರೆದಿದ್ದೀರಿ. ಇಳಿಸಿದ್ರೆ ಸರಿ, ಇಲ್ದಿದ್ರೆ ನಾಳೆನೇ ಕಾರು ಬುಕ್ ಮಾಡ್ತೀನಿ" ಎಂದಿದ್ದಾಳೆ. ನಾನೋ? ಸಮಾರಂಭಕ್ಕೆ ತಡವಾಗಬಾರದೆಂದು ಕಾರಿನಲ್ಲಿ ಬಂದೆ. ನಗಬೇಡಿ, ಹೊರಗೆ ನಿಂತಿರುವ ನಿಮ್ಮ ಕಾರುಗಳನ್ನೂ ನೋಡಿಕೊಂಡೇ ಒಳಗೆ ಬಂದಿದ್ದೇನೆ.

ಬಸ್ಸು ಕಾರಿಗೆ ಎದುರು ನಿಲ್ಲಬೇಕಾದರೆ ಏನು ಬೇಕು? ಅತಿಥಿಗಳು ಹೊಸ ಬಸ್ಸು ಎಂದರು, ಮೆತ್ತನೆ ಸೀಟು ಎಂದರು, ರಸ್ತೆಯಲ್ಲಿ ಬಸ್ಸಿಗೇ ಬೇರೆ ಸಾಲು ಎಂದರು. ಎಲ್ಲ ಬೇಕು. ಆದರೆ ಸ್ಟಾಪಿನಲ್ಲಿ ನಿಂತವರು ಕಾಯುವುದು ಹೇಳಿದ ಹೊತ್ತಿಗೆ ಬರುವ ಬಸ್ಸಿಗೆ. ಆ ಹೊತ್ತನ್ನು ಹೇಳಿದವನು ಯಾರು? ನಾನು. ಇಪ್ಪತ್ತು ನಿಮಿಷ ಎಂದು ಅಳೆದದ್ದು ಹೇಗೆ?

ಅಧ್ಯಕ್ಷರೇ, ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ. ವರ್ಷಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಏಳಕ್ಕೆ, ಆಫೀಸಿನ ಜೀಪಿನಲ್ಲಿ ಹೋಗಿ ಅಳೆಯುತ್ತಿದ್ದೆ. ರಸ್ತೆಯಲ್ಲಿ ನಾನು ಮತ್ತು ಎರಡು ನಾಯಿ. ವಾರದ ದಿನ ಹೋದರೆ ಜೀಪು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಊಟಕ್ಕೆ ತಡವಾಗುತ್ತಿತ್ತು. ಹನ್ನೆರಡನೇ ನಂಬರಿನ ಹಿರಿಯ ಚಾಲಕರೊಬ್ಬರು, ಅಗೋ ಎರಡನೇ ಸಾಲಿನಲ್ಲಿದ್ದಾರೆ, ಪ್ರತಿ ವರ್ಷ ಕರೆಯುತ್ತಿದ್ದರು: "ಸಾಹೇಬ್ರೇ, ಒಂದ್ಸಲ ನನ್ ಜೊತೆ ಸಂಜೆ ಟ್ರಿಪ್ಪಿಗೆ ಬನ್ನಿ." ನಾನು ಹೋಗಲಿಲ್ಲ. ಬಸ್ಸು ತಡವಾಗಿ ಬಂದದ್ದಕ್ಕೆ ಅವರಿಗೇ ಮೆಮೊ ಕೊಟ್ಟೆ. ಒಂಬತ್ತು ಮೆಮೊ.

ಅಬ್ಬಾ, ಬಂದಳು. ಚಪ್ಪಲಿಯೆಲ್ಲ ಧೂಳು, ಎರಡು ಸ್ಟಾಪ್ ಹಿಂದೆಯೇ ಇಳಿದು ನಡೆದೆ ಎಂದು ಬಾಗಿಲಲ್ಲೇ ಹೇಳುತ್ತಿದ್ದಾಳೆ, ಬಸ್ಸಿಗಿಂತ ಮುಂಚೆ ತಲುಪಿದ್ದಾಳೆ. ಹಾಗೆ ನೋಡಬೇಡ ಕಣೇ, ಸೋತೆ. ಕಾರು ಬುಕ್ ಮಾಡು. ಆದರೆ ಮೂರು ದಿನ ತಡಿ.

ಯಾಕೆಂದರೆ ನನ್ನ ಸೇವೆ ಇನ್ನೂ ಮೂರು ದಿನ ಬಾಕಿ ಇದೆ; ಅಷ್ಟರಲ್ಲಿ ಆ ವೇಳಾಪಟ್ಟಿ ತಿದ್ದಬೇಕು. ಚಾಲಕಣ್ಣಾ, ನಾಳೆ ಸಂಜೆ ನಿಮ್ಮ ಹಿಂದಿನ ಸೀಟಿನಲ್ಲಿ ನನಗೊಂದು ಜಾಗ ಹಿಡಿದಿರಿ. ಈ ಗೋಡೆ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆ. ಫೈಲಿನಲ್ಲಿರುವ ಆ ಒಂಬತ್ತು ಮೆಮೊಗಳನ್ನೂ ತರುತ್ತೇನೆ; ಹರಿದುಹಾಕುವ ಕೆಲಸ ನಿಮ್ಮದು.

ಇಲ್ಲಿ ತಿಂಡಿಗೆ ಕಾದವರಿಗೆ ನನ್ನ ವಂದನೆ. ಅಲ್ಲಿ ಈಗಲೂ ಹನ್ನೆರಡನೇ ನಂಬರಿಗೆ ಕಾಯುತ್ತಿರುವವರಲ್ಲಿ ಕ್ಷಮೆ. ನಮಸ್ಕಾರ.