ಬಚ್ಚಿಟ್ಟು ಕೊಟ್ಟ ಸಂಬಳ

ದಾವಣಗೆರೆಯಲ್ಲಿ ಉಳ್ಳವನೊಬ್ಬನಿದ್ದ. ಉಳ್ಳವನು ಎಂದ ಕೂಡಲೇ ಕೆಟ್ಟವನು ಅಂದುಕೊಳ್ಳಬೇಡಿ. ದೃಷ್ಟಾಂತಗಳಲ್ಲಿ ಪಾಪ ಅವರಿಗೆ ಯಾವಾಗಲೂ ಅದೇ ಗತಿ. ಇವನು ಒಳ್ಳೆಯವನೇ. ಹೆಸರು ಮುರಿಗೆಪ್ಪ ಎಂದಿಟ್ಟುಕೊಳ್ಳೋಣ. ಹಲ್ಲು ಕಟ್ಟುವ ಲ್ಯಾಬು ಅವನದು. ನೋಡಿ, ನಾವು ಡಾಕ್ಟರ ಮುಂದೆ ಬಾಯಿ ತೆರೆಯುತ್ತೇವೆ, ಅವರು ಅಚ್ಚು ತೆಗೆದುಕೊಳ್ಳುತ್ತಾರೆ. ಹೊಸ ಹಲ್ಲನ್ನು ಅವರೇ ಮಾಡುತ್ತಾರೆ ಅಂದುಕೊಂಡಿದ್ದೀರಾ? ಇಲ್ಲ. ಅಚ್ಚು ಇಂಥ ಲ್ಯಾಬಿಗೆ ಬರುತ್ತದೆ. ಅಲ್ಲಿ ಯಾರೋ ಒಬ್ಬರು ದೀಪದ ಕೆಳಗೆ ಕುಳಿತು, ಕುಂಚದ ತುದಿಯಿಂದ ಪಿಂಗಾಣಿ ಪುಡಿ ಹಚ್ಚಿ, ಸುಟ್ಟು, ತೀಡಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಕೂಡಿಸುತ್ತಾರೆ.

ಮುರಿಗೆಪ್ಪನ ಲ್ಯಾಬಿನಲ್ಲಿ ಆ ಯಾರೋ ಒಬ್ಬರು ಎಂದರೆ ಸರ್ವಮಂಗಳ. ಓದು ಮುಗಿಸಿ ಬಂದವಳು ಅಲ್ಲೇ ಕೈ ಪಳಗಿಸಿಕೊಂಡಳು. ಡಾಕ್ಟರುಗಳು ಚೀಟಿಯಲ್ಲೇ ಬರೆದು ಕಳಿಸುತ್ತಿದ್ದರು, ಇದನ್ನು ಆಕೆಯೇ ಮಾಡಲಿ ಎಂದು. ಮುರಿಗೆಪ್ಪನಿಗೂ ಅವಳ ಬೆಲೆ ಗೊತ್ತಿತ್ತು. ಊರಿನಲ್ಲಿ ಯಾರೂ ಕೊಡದಷ್ಟು ಸಂಬಳ ಕೊಡುತ್ತಿದ್ದ. ಆದರೆ ಹೇಗೆ ಕೊಡುತ್ತಿದ್ದ? ಬ್ಯಾಂಕಿನ ಮೂಲಕ ಒಂದು ಪಾಲು, ಕವರಿನಲ್ಲಿ ಎರಡು ಪಾಲು. ಕವರಿನದು ಯಾವ ಲೆಕ್ಕಕ್ಕೂ ಇಲ್ಲ. ತೆರಿಗೆಯ ಕಾಟವಿಲ್ಲ, ಪಿಎಫ್ ಕಟ್ಟುವ ಗೋಜಿಲ್ಲ. ಕೊಡುವವನು ನಕ್ಕು ಕೊಟ್ಟ, ತೆಗೆದುಕೊಳ್ಳುವವಳು ನಕ್ಕು ತೆಗೆದುಕೊಂಡಳು. ಯಾರಿಗೆ ಏನು ನಷ್ಟ?

ನಷ್ಟ ಆಗ ಕಾಣಲಿಲ್ಲ. ಹೊರದೇಶದ ದೊಡ್ಡ ಲ್ಯಾಬೊಂದು ಸರ್ವಮಂಗಳಳ ಕೆಲಸ ನೋಡಿ, ಬಾ ಎಂದು ಕರೆದಾಗ ಕಂಡಿತು. ಅಲ್ಲಿಗೆ ಹೋಗಲು ಬೇಕಾದದ್ದು ನುರಿತ ಕೆಲಸಗಾರರಿಗೆಂದು ಕೊಡುವ ವೀಸಾ. ಅಧಿಕಾರಿಗಳು ಒಂದೇ ಮಾತು ಕೇಳಿದರು: ನೀವು ನುರಿತವರಾದರೆ ಇಷ್ಟು ವರ್ಷ ಏನು ಸಂಪಾದಿಸಿದ್ದೀರಿ, ತೋರಿಸಿ. ಬ್ಯಾಂಕಿನ ಪುಸ್ತಕದಲ್ಲಿ ಇದ್ದದ್ದು ಕಸ ಗುಡಿಸುವವರ ಸಂಬಳ.

ಸರ್ವಮಂಗಳ ಯಜಮಾನನ ಹತ್ತಿರ ಬಂದಳು. ಇಂಥವಳನ್ನು ಕಳೆದುಕೊಳ್ಳಬೇಕಲ್ಲ ಎನಿಸಿದರೂ ಮುರಿಗೆಪ್ಪ ಬಾಯಿ ತುಂಬ ಹರಸಿದ. “ಅದಕ್ಕೇನು ತಂಗಿ, ನಿಜವಾಗಿ ಏನು ಕೊಟ್ಟೀನೋ ಅಷ್ಟೂ ಬರ್ಕೊಡ್ತೀನಿ” ಎಂದ. ಆಮೇಲೆ ಆಡಿಟರಿಗೆ ಫೋನು ಮಾಡಿದ. ಆಡಿಟರ್ ಹೌಹಾರಿದರು. “ಬರ್ಕೊಟ್ರೆ ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕ್ಕೊಂಡಂಗೆ. ಆ ದುಡ್ಡು ಎಲ್ಲಿಂದ ಬಂತು ಅಂತ ತೆರಿಗೆಯೋರು ಕೇಳ್ತಾರೆ. ಬಾಕಿ, ಬಡ್ಡಿ, ದಂಡ, ಎಲ್ಲಾ ಬರುತ್ತೆ.”

ಮುರಿಗೆಪ್ಪನ ಮುಖ ಸಣ್ಣಗಾಯಿತು. ಮಾರನೆಯ ದಿನ ಅವಳನ್ನು ಕೂರಿಸಿಕೊಂಡು, “ಯಾಕವ್ವಾ ಆ ದೂರದ ದೇಶ? ಇಲ್ಲೇ ಇರು. ಕವರು ಇನ್ನಷ್ಟು ದಪ್ಪ ಮಾಡ್ತೀನಿ” ಎಂದ.

ಅವಳು, “ಯಜಮಾನ್ರೇ, ನಂಗೆ ದುಡ್ಡು ಬ್ಯಾಡ. ನಾನು ದುಡಿದಿದ್ದು ದುಡಿದೆ ಅಂತ ನೀವು ಹೇಳಿದ್ರೆ ಸಾಕು. ಸುಳ್ಳು ಚೀಟಿ ಮಾಡಿಕೊಡೋ ಏಜೆಂಟ್ರೂ ಅದಾರೆ. ನನ್ನ ಹತ್ರ ನಿಜಾನೇ ಇರುವಾಗ ಸುಳ್ಳನ್ನ ಯಾಕೆ ಕೊಂಡ್ಕಳ್ಲಿ?” ಎಂದು ಕೆಲಸದ ಮೇಜಿಗೆ ಹೋದಳು. ಜಗಳವಿಲ್ಲ, ಅಳುವಿಲ್ಲ. ಜಗಳವಾಡಿದ್ದರೆ ಮುರಿಗೆಪ್ಪನಿಗೆ ಸುಲಭವಾಗುತ್ತಿತ್ತು, ಅಲ್ಲವೇ?

ಸಂಜೆ ಮನೆಯಲ್ಲಿ ಮಂಡಕ್ಕಿ, ಮಿರ್ಚಿ. ಮುರಿಗೆಪ್ಪ ತಿನ್ನುತ್ತಾ ತಿನ್ನುತ್ತಾ ಹೆಂಡತಿ ಗೌರಮ್ಮನ ಮುಂದೆ ಎಲ್ಲವನ್ನೂ ಹೇಳಿಕೊಂಡ. ಆಕೆಯ ಕನಿಕರ ಸಿಗಬಹುದೆಂಬ ಆಸೆ. ಗೌರಮ್ಮ ಕೇಳಿದಳು, “ಈಗ ಕರಕರ ಅಂತ ಅಗೀತಿದೀರಲ್ಲ, ಆ ಕಟ್ಟಿಸಿದ ಹಲ್ಲು ಯಾರು ಮಾಡಿದ್ದು?”

“ಮಂಗಳಾನೇ.”

“ಆಕಿ ಮಾಡಿದ ಹಲ್ಲಲ್ಲಿ ತಿನ್ನಾಕೆ ಬರುತ್ತೆ. ಆಕಿ ದುಡಿಮೆ ಹೇಳಾಕೆ ಮಾತ್ರ ಅದೇ ಬಾಯಿ ಬರಲ್ಲ ಅಂದ್ರೆ ಹೆಂಗ್ರೀ?”

ಮುರಿಗೆಪ್ಪನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ನಗು ನಿಂತ ಮೇಲೆ ಅವನು ಬಹಳ ಹೊತ್ತು ತಟ್ಟೆಗೆ ಕೈ ಹಾಕಲಿಲ್ಲ. ತಾನು ಕೈಯೆತ್ತಿ ಕೊಡುವವನು ಎಂದು ಎಷ್ಟು ಹೆಮ್ಮೆಪಟ್ಟಿದ್ದ! ಹಣ ಕೊಟ್ಟಿದ್ದ, ನಿಜ. ಆದರೆ ಆ ಹಣದ ಜೊತೆಗೆ ಅವಳ ಕೈಗೆ ಸೇರಬೇಕಾಗಿದ್ದ ಹೆಸರನ್ನು ತನ್ನಲ್ಲೇ ಉಳಿಸಿಕೊಂಡಿದ್ದ.

ಮರುದಿನ ಆಡಿಟರ ಎದುರು ಕುಳಿತು, “ಬಾಕಿ ಎಷ್ಟಾಗುತ್ತೋ ಲೆಕ್ಕ ಹಾಕ್ರಿ. ಆಕಿ ಒಬ್ಬಳದಲ್ಲ, ಲ್ಯಾಬಿನಾಗೆ ದುಡಿಯೋ ಎಲ್ಲರದೂ” ಎಂದ. ಲೆಕ್ಕ ದೊಡ್ಡದೇ ಆಯಿತು. ಊರಿನ ಗುಡಿಗೆ ಬೆಳ್ಳಿ ಬಾಗಿಲು ಮಾಡಿಸುತ್ತೇನೆಂದು ಹೇಳಿಕೊಂಡಿದ್ದ, ಅದು ನಿಂತಿತು. ದೇವರಿಗೇನು, ಮರದ ಬಾಗಿಲಿನ ಹಿಂದೆ ಮೊದಲಿನಂತೆಯೇ ಇದ್ದಾನೆ. ಬಡ್ಡಿ, ದಂಡ ಎಲ್ಲ ಕಟ್ಟಿ, ವರ್ಷವರ್ಷದ ನಿಜವಾದ ಸಂಬಳವನ್ನು ಬರೆದು, ಸಹಿ ಹಾಕಿ, ಸರ್ವಮಂಗಳಳ ಕೈಗಿಟ್ಟ. ಅವಳು ನಿಂತಲ್ಲೇ ಅದನ್ನು ಪೂರ್ತಿ ಓದಿದಳು. ಮತ್ತೊಮ್ಮೆ ಓದಿದಳು. “ಇಷ್ಟೊಂದಾ ನಾನು?” ಎಂದಷ್ಟೇ ಕೇಳಿದಳು.

ಕೆಲವು ವಾರ ಕಳೆದು ವೀಸಾ ಕಚೇರಿಯಿಂದ ಮುರಿಗೆಪ್ಪನಿಗೇ ಫೋನು ಬಂತು. ಈಕೆಯ ಕೆಲಸವೇನು, ಸಂಬಳವೆಷ್ಟು ಎಂದು ಕೇಳಿದರು. ಅವನು ತಡವರಿಸಲಿಲ್ಲ. ಮೊದಲು ಯಾರಾದರೂ ಹೀಗೆ ಕೇಳಿದರೆ, ಕೇಳುವವರು ಯಾರು, ಯಾವ ಅಂಕಿ ಹೇಳಬೇಕು ಎಂದು ಒಳಗೊಳಗೇ ಗುಣಿಸಬೇಕಾಗುತ್ತಿತ್ತು. ಈಗ ಇರುವುದು ಒಂದೇ ಅಂಕಿ. ಒಂದೇ ಇದ್ದರೆ ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ ನೋಡಿ. ಫೋನು ಇಟ್ಟ ಮೇಲೆ ಅವನಿಗೆ ಎದೆ ಹಗುರಾಯಿತು. ವೀಸಾ ಬಂತು. ಗಂಡನನ್ನೂ ಮಗಳನ್ನೂ ಕರೆದುಕೊಂಡು ಅವಳು ಹೊರಟಳು. ಅವಳ ಮೇಜಿನ ಮುಂದೆ ಈಗ ಅವಳೇ ಕಲಿಸಿದ ಹುಡುಗಿ ಕೂರುತ್ತಾಳೆ. ಮುರಿಗೆಪ್ಪ ಮೊದಲಿಗಿಂತ ತುಸು ಬಡವ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದಂತೆ.

ಈಗ ಮುರಿಗೆಪ್ಪನನ್ನು ಬಿಡೋಣ, ನಮ್ಮ ಕಡೆ ತಿರುಗೋಣ. ನಿಮ್ಮ ಅಂಗಡಿಯಲ್ಲಿ ಬಟ್ಟೆ ಹೊಲಿಯುವವರಿದ್ದಾರೆ. ಗಾಡಿ ಓಡಿಸುವವರಿದ್ದಾರೆ. ಮನೆಗೆ ಅಡುಗೆ ಕೆಲಸಕ್ಕೆ ಬರುವ ತಾಯಿ ಇದ್ದಾಳೆ. ಅವರಿಗೆ ಕೊಡುತ್ತೀರಿ, ಚೆನ್ನಾಗಿಯೇ ಕೊಡುತ್ತೀರಿ. ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಾಳೆ ಅವರು ಸಾಲ ಕೇಳಲು, ಬೇರೆ ಕೆಲಸ ಕೇಳಲು ಹೋದರೆ, ಇಷ್ಟು ವರ್ಷ ನಾನು ದುಡಿದೆ ಎಂದು ತೋರಿಸಲು ಅವರ ಕೈಯಲ್ಲಿ ಏನಿದೆ? ಏನೂ ಇಲ್ಲದಿದ್ದರೆ ನೀವು ಕೊಟ್ಟದ್ದು ಅರ್ಧವೇ. ದಾನವನ್ನು ಬಚ್ಚಿಟ್ಟು ಕೊಡಿ, ಅದು ಚೆಂದ. ಸಂಬಳವನ್ನು ಬಚ್ಚಿಟ್ಟು ಕೊಡಬೇಡಿ. ಅದು ಅವರದೇ; ಎಲ್ಲರೆದುರು ಅವರದಾಗಿಯೇ ಇರಲಿ.

ದುಡಿಯುವವರೇ, ನೀವೂ ಕೇಳಿ. ಕವರು ದಪ್ಪವಿದೆ ಎಂದು ಹಿಗ್ಗಬೇಡಿ. ನನ್ನ ಸಂಬಳ ಬರೆದುಕೊಡಿ ಎಂದು ಕೇಳುವುದು ಎದುರು ಮಾತಲ್ಲ.

ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಮೇಲೆ, ಗಲ್ಲಾಪೆಟ್ಟಿಗೆಗೆ ಕೈ ಮುಗಿಯುವ ಮೊದಲು, ನಿಮ್ಮಲ್ಲಿ ದುಡಿಯುವ ಒಬ್ಬರನ್ನು ಕರೆಯಿರಿ. ಈ ತಿಂಗಳಿಂದ ನಿನ್ನ ಪೂರಾ ಸಂಬಳ ನಿನ್ನ ಹೆಸರಿನಲ್ಲೇ ಬರುತ್ತದೆ ಎಂದು ಹೇಳಿ. ಹೇಳಿ, ಅವರ ಮುಖ ನೋಡಿ. ಆಮೇಲೆ ದೇವರಿಗೆ ಕೈ ಮುಗಿಯಿರಿ.