ಮತ್ತಾನನ ಸರದಿ

ಅಧ್ಯಕ್ಷತೆ ವಹಿಸಿರುವ ಪಾಸ್ಟರ್ ಅಯ್ಯನವರೇ, ಇಂದು ನಿವೃತ್ತರಾಗುತ್ತಿರುವ ಉಪದೇಶಿ ಜ್ಞಾನಮುತ್ತು ಅವರೇ, ಆಂಡರ್ಸನ್‌ಪೇಟೆಯ ಸಭಿಕರೇ,

ಈ ಸಂಜೆಗೆ ಶಾಲು ಒಂಬೈನೂರು, ಹಾರ ಇನ್ನೂರೈವತ್ತು, ಬೋಂಡಾ ಕಾಫಿ ನಾಲ್ಕು ಸಾವಿರ. ಶಾಮಿಯಾನ, ಕುರ್ಚಿ ನನ್ನವು, ಅರ್ಧ ಬಾಡಿಗೆ. ಪೂರ್ತಿ ಬಿಟ್ಟುಬಿಡಿ ಎಂದಳು ನನ್ನ ಹೆಂಡತಿ ಕಲಾ. ಬಿಟ್ಟಿ ಕುರ್ಚಿಯಲ್ಲಿ ಕೂತವರು ಭಾಷಣ ಕೇಳುವುದಿಲ್ಲ ಎಂದೆ.

ನಾನು ಮುನೀಂದ್ರ, ಈ ಚರ್ಚಿನ ಒಕ್ಕಲಲ್ಲ. ಕ್ರಿಸ್‌ಮಸ್‌ಗೆ ಚರ್ಚಿನ ಮುಂದೆ ಶಾಮಿಯಾನ ಹಾಕಿಸಿ, ಆರಾಧನೆ ಮುಗಿಯುವವರೆಗೆ ಹಿಂದಿನ ಸಾಲಿನಲ್ಲಿ ಕಾಯುವವನು. ಜೊತೆಗೆ ಕಲಾ. ಪ್ರತಿ ವರ್ಷ ಉಪದೇಶಿಗಳು ಏಸುವಿನ ವಂಶಾವಳಿ ಓದುವರು. ಅಬ್ರಹಾಮ, ದಾವೀದ ಎನ್ನುವ ತನಕ ಜನ ಕೇಳುವರು. ಆಮೇಲೆ ಅಜೋರ, ಸದೋಕ, ಅಖೀಮ, ಎಲಿಹೂದ, ಎಲಿಯಾಜರ, ಮತ್ತಾನ. ಆಗ ಕೆಮ್ಮು ಶುರು. ಯಾರಿವರು? ಯಾವ ಯುದ್ಧ ಗೆದ್ದರು? ಯಾವ ಕೆರೆ ಕಟ್ಟಿಸಿದರು?

ಕಲಾ ಒಮ್ಮೆ ಇದನ್ನೇ ಉಪದೇಶಿಗಳನ್ನು ಕೇಳಿದಳು.

"ಏನೂ ಬರ್ದಿಲ್ಲಮ್ಮ," ಎಂದರು ಅವರು. "ಉಟ್ಟಿದ್ರು, ಅಷ್ಟೇ. ದೇವ್ರು ಅಷ್ಟನ್ನೇ ಲೆಕ್ಕಕ್ಕೆ ತಗಂಡವ್ನೆ."

"ನಮ್ದೂ ಉಟ್ಟಿತ್ತಲ್ಲಯ್ಯಾ."

ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. ನಮಗೊಂದು ಗಂಡು ಕೂಸು ಹುಟ್ಟಿ, ನಾಮಕರಣಕ್ಕೆ ಮುಂಚೆಯೇ ಹೋಯಿತು. ಪಿತೃಪಕ್ಷದಲ್ಲಿ ನಾವು ಎಡೆ ಇಟ್ಟು, ಸತ್ತವರನ್ನು ಹೆಸರು ಹಿಡಿದು ಕರೆಯುತ್ತೇವೆ. ಹೆಸರಿಡದ ಕೂಸಿಗೆ ಕರೆಯಿಲ್ಲ, ಎಲೆಯಿಲ್ಲ. ಈಗಲಾದರೂ ಇಡೋಣ ಎಂದು ಕಲಾ ಕೇಳಿದಳು. ಹೋದ ಮಗುವಿಗೆ ಹೆಸರಿಟ್ಟರೆ ಅದು ಮನೆಯಲ್ಲೇ ನಿಂತುಬಿಡುತ್ತದೆ ಎಂದರು ನನ್ನ ತಾಯಿ ಮುನಿನಾರಾಯಣಮ್ಮ. ನಾನು ಸುಮ್ಮನಾದೆ. ಯಾವಾಗ ಸುಮ್ಮನಿರಬೇಕೆಂಬುದು ವ್ಯಾಪಾರಿಗೆ ಗೊತ್ತಿರುತ್ತದೆ, ಅಲ್ಲವೇ?

ಪ್ರಾಯದಲ್ಲಿ ಗಣಿಯೊಳಗೆ ನುಂಗಿದ ದೂಳು ಉಪದೇಶಿಗಳ ಎದೆ ಬಿಡಲಿಲ್ಲ. ಕಳೆದ ಕ್ರಿಸ್‌ಮಸ್‌ನಲ್ಲಿ ಅಖೀಮನ ಹೆಸರಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ಪಾಪ, ಅವರ ಕಷ್ಟ ನೋಡಲಾರದೆ ಹಾಡುವವರು ಹಾಡು ಎತ್ತಿಕೊಂಡರು. ಉಳಿದವರು ಪುಸ್ತಕದಲ್ಲೇ ಉಳಿದರು. ಮನೆಗೆ ಹೋಗುವಾಗ ಗಾಡಿಯ ಹಿಂದೆ ಕೂತಿದ್ದ ಕಲಾ ಅಂದಳು, "ಇವತ್ತು ನಮ್ ಮತ್ತಾನನ್ನ ಕರೀಲೇ ಇಲ್ಲ."

ಅಷ್ಟು ವರ್ಷ ಅವಳ ಪಕ್ಕದಲ್ಲೇ ಕೂತಿದ್ದೆ. ನಮ್ಮ ಕೂಸಿಗೆ ಅವಳು ಆ ಹೆಸರು ಇಟ್ಟುಕೊಂಡಿದ್ದು ನನಗೆ ಗೊತ್ತಿರಲಿಲ್ಲ.

ಈ ವರ್ಷದಿಂದ ಆ ಭಾಗ ಓದುವುದಿಲ್ಲವೆಂದು ಪಾಸ್ಟರ್ ಅಯ್ಯನವರು ತಿಳಿಸಿದ್ದಾರೆ. ಓದಿಸಿ ಎಂದು ಕೇಳಿಕೊಂಡೆ, ಯಾರಿಗೂ ಬೇಡದ ಹೆಸರುಗಳು ಎಂದರು. ತಪ್ಪೇನಿದೆ? ನೀನೇ ಎಡೆಯ ಮುಂದೆ ಕರೆಯಬಹುದಲ್ಲಪ್ಪ ಎನ್ನುವಿರಿ. ಈ ಸಲ ಒಂದೆಲೆ ಹೆಚ್ಚಿಗೆ ಹಾಕಿಸಿದೆ. ಅಪ್ಪ ಕೋದಂಡಪ್ಪನನ್ನು ಕರೆದೆ, ತಾತನನ್ನು ಕರೆದೆ. ಆಮೇಲೆ ಬಾಯಿ ಬರಲಿಲ್ಲ. ಇಷ್ಟು ಮಾತಾಡುವ ಬಾಯಿ. ಕಲಾ ಆ ಎಲೆಯನ್ನು ಎತ್ತಿ ದನಕ್ಕೆ ಹಾಕಿದಳು.

ಕಡೆಗೆ ಯಾರಿಗೇನು ಸಿಕ್ಕಿತು? ಉಪದೇಶಿಗಳಿಗೆ ವಿಶ್ರಾಂತಿ. ಪಾಸ್ಟರ್ ಅಯ್ಯನವರಿಗೆ ಚಿಕ್ಕದಾದ ಓದು. ಹಬ್ಬದ ದಿನ ನಿಮಗೆಲ್ಲ ಬಿರಿಯಾನಿ ಬೇಗ. ಮತ್ತಾನನಿಗೆ, ಈಗ ಈ ಮೈಕಿನಲ್ಲಿ, ತಂದೆಯ ಬಾಯಿಂದ ತನ್ನ ಹೆಸರು. ಇನ್ನು ಅಲ್ಲೇನಿದೆ ಎಂದು ಕಲಾ ಇವತ್ತು ಮನೆಯಲ್ಲೇ ಉಳಿದಳು. ಅವಳಿಗೆ ಏನೂ ಸಿಗಲಿಲ್ಲ.

ಕೇಳಿದ ನಿಮ್ಮ ಉಪಕಾರ ದೊಡ್ಡದು. ನಮಸ್ಕಾರ.