ದೇವೀರಮ್ಮನ ಗಂಟು

ನಂಜನಗೂಡಿನ ಬಸ್ ನಿಲ್ದಾಣದ ಬೆಂಚಿನಲ್ಲಿ, ನನ್ನ ಪಕ್ಕ, ಇಬ್ಬರು ಹೆಂಗಸರು ಟಿ. ನರಸೀಪುರದ ಬಸ್ಸಿಗಾಗಿ ಕಾಯುತ್ತಿದ್ದರು. ಹಿರಿಯಳ ಮಡಿಲಲ್ಲಿ ಹಳೆಯ ಸೀರೆಯ ಗಂಟೊಂದಿತ್ತು. ಕಿರಿಯಳು ಅದನ್ನು ನೋಡಿ ನಕ್ಕಳು.

“ದೇವೀರಕ್ಕ, ನಾವು ಮನಸ್ಸಿನ ಡಾಕ್ಟ್ರತ್ರ ಮಾತ್ರೆ ತರಕ್ಕೋಯ್ತಿರೋದು ಕಣಕ್ಕ, ಮನೆ ಖಾಲಿ ಮಾಡ್ಕೊಂಡಲ್ಲ.”

“ನೀ ಸುಮ್ಕಿರವ್ವ ಸವಿತ.”

“ನೀನು ಈ ಬೆಂಚಲ್ಲಿ ಮಲಗ್ತಿದ್ದಾಗ ಗಂಟು ಬೇಕಿತ್ತು, ಸರಿ. ನಮ್ ಸಂಸ್ಥೆಯೋರು ನಿಮ್ ನಾಕ್ ಜನಕ್ಕೂ ಮನೆ ಮಾಡ್ಕೊಟ್ಟು, ನೋಡ್ಕಳಕ್ಕೆ ನನ್ನಿಟ್ಟು ಎಂಟು ತಿಂಗ್ಳಾಯ್ತಲ್ಲ?”

“ಆಸ್ಪತ್ರೇಲೂ ಮಂಚ ಕೊಟ್ಟಿದ್ರು. ಉಸಾರಾದೆ ಅಂತ ಕಳಿಸ್‌ಬುಟ್ರು. ನೀವೂ ಅಂಗೇ ಮಾಡುದ್ರೆ?”

“ಉಸಾರಾದ್ರೂ ಕಳ್ಸಲ್ಲ, ಉಸಾರು ತಪ್ಪಿದ್ರೂ ಕಳ್ಸಲ್ಲ. ಎಷ್ಟು ಸಲ ಏಳ್ಲಿ? ನಿನ್ನ ಸಾರು ಮಾತ್ರ ತಡ್ಕಳಕ್ಕಾಗಲ್ಲ.”

“ನೆನ್ನೆ ನೀನೇ ಮೂರು ಸಲ ಬಡಿಸ್ಕೊಂಡೆ.”

ಬಸ್ಸು ಬಂದು ನಿಂತಿತು. ಸವಿತ ಗಂಟನ್ನು ಎತ್ತಿಕೊಂಡವಳು ಹಾಗೇ ನಿಂತಳು.

“ಇದೇನಕ್ಕ, ಇಷ್ಟು ಅಗುರ? ಕಂಬಳಿ, ತಟ್ಟೆ ಎಲ್ಲಿ?”

“ಮನೇಲವೆ.”

“ಮತ್ತೆ ಇದ್ರೊಳಗೇನೈತೆ?”

“ಬಾಗ್ಲು ಬೀಗದ ಕೈ ಕಣವ್ವ. ತಾ ಇತ್ತ, ಬೀಳಿಸಿಗೀಳಿಸೀಯ.”

ಇಬ್ಬರೂ ಬಸ್ಸು ಹತ್ತಿದರು. ಗಂಟನ್ನು ಮರಳಿ ಇಸಿದುಕೊಂಡ ದೇವೀರಮ್ಮನೇ ಮೊದಲು.